ನಂಬರ್ ಪೋರ್ಟ್ ಆಗುತ್ತೆ, ಮೀಸಲಾತಿ ಆಗಲ್ಲ



ಮೊನ್ನೆ ಹಾನಗಲ್ಲದಾಗ ಕರೆನ್ಸಿ ಹಾಕಿಸಾಕ ಒಂದು ಅಂಗಡಿಗೆ ಹೋಗಿದ್ದೆ. ಗೋಡೆ ಮ್ಯಾಲೆ ಹಳೇ ಸ್ಪೈಸ್ ಬಣ್ಣ ಇನ್ನೂ ಅರ್ಧ ಕಾಣಸ್ತೈತಿ. ಅದರ ಮ್ಯಾಲೆ ಐಡಿಯಾ, ಅದರ ಮ್ಯಾಲೆ ವಿ. ಒಂದೇ ಗೋಡೆ, ಮೂರು ಹೆಸರು. ಈ ಗೋಡೆಯ ಚರಿತ್ರೆ ಬರೀಬೇಕು ಅನ್ನಿಸ್ತು. ಯಾಕಂದ್ರೆ ಅದು ನಮ್ಮ ಮೀಸಲಾತಿಯ ಚರಿತ್ರೆಯೂ ಹೌದು.

ಒಂದು ಕಾಲಕ್ಕೆ ಫೋನ್ ಅಂದ್ರೆ ಸರ್ಕಾರ. ಹಾನಗಲ್ಲಕ್ಕೆ 08379, ಹಿರೇಕೆರೂರಿಗೆ 08376, ಸವಣೂರು-ಶಿಗ್ಗಾಂವಿಗೆ 08378. ಈ ನಂಬರುಗಳ ಹಿಂದೆ ನೆಲ ಅಗೆದವರು, ಕಂಬ ಹೊತ್ತವರು ದಿನಗೂಲಿಗಳು. ನಮ್ಮ ಕೇರಿಯ ಹಿರಿಯರೊಬ್ಬರೂ ಅದರಾಗ ಇದ್ರು. ಅಂಚೆ-ತಂತಿ ದಿನಗೂಲಿಗಳ ಪ್ರಕರಣದಲ್ಲಿ 1987ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ವರ್ಷಕ್ಕಿಂತ ಹೆಚ್ಚು ದುಡಿದವರನ್ನು ಕಾಯಂ ಮಾಡಲು ಯೋಜನೆ ರೂಪಿಸಿ ಅಂತ ಹೇಳಿತು. 1989ರಲ್ಲಿ ದೂರಸಂಪರ್ಕ ಇಲಾಖೆಯ ಯೋಜನೆ ಬಂತು. ನಮ್ಮ ಹಿರಿಯರು ಕಾಯಂ ಆದ್ರು. ಅವರ ಮಗಳು ಡಿಗ್ರಿ ಮುಗಿಸಿದ್ಲು. ಒಂದು ಕಾಯಂ ನೌಕರಿ ಅಂದ್ರೆ ಇಷ್ಟು.

1994ರ ದೂರಸಂಪರ್ಕ ನೀತಿ ಬಾಗಿಲು ತೆರೀತು. ಕರ್ನಾಟಕದಲ್ಲಿ ಮೊಬೈಲ್ ಶುರು ಮಾಡಿದ್ದು ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್. 1999ರಲ್ಲಿ ಏರ್‌ಟೆಲ್‌ನ ಭಾರ್ತಿ ಕಂಪನಿ ಜೆಟಿಯನ್ನು ಕೊಂಡಿತು. 2007ರಲ್ಲಿ ಹಚ್ ವೊಡಾಫೋನ್ ಪಾಲಾಯ್ತು, 2008ರಲ್ಲಿ ಸ್ಪೈಸ್ ಐಡಿಯಾ ಪಾಲಾಯ್ತು. 2016ರಲ್ಲಿ ಜಿಯೋ ಬಂತು, ದರ ಪಾತಾಳಕ್ಕೆ ಬಿತ್ತು. 2018ರ ಆಗಸ್ಟ್ 31ಕ್ಕೆ ವೊಡಾಫೋನ್-ಐಡಿಯಾ ಒಂದಾದವು. 2019ರಲ್ಲಿ ಟಾಟಾದ ಮೊಬೈಲ್ ವ್ಯವಹಾರ ಏರ್‌ಟೆಲ್ ಸೇರಿತು. ದೊಡ್ಡ ಮೀನು ಸಣ್ಣ ಮೀನು ನುಂಗಿದ ಕತೆ.

ಅಗ್ಗದ ಫೋನ್ ನಮ್ಮ ಕೈಗೂ ಬಂತು, ಅದನ್ನ ಅಲ್ಲಗಳೆಯಲ್ಲ. ಈ ಪೋಸ್ಟನ್ನೂ ಅದರಾಗೇ ಬರೀತಿದೀನಿ. ಫೋನ್ ಕೈಗೆ ಬಂತು, ಫೋನ್ ಕಂಪನಿಯ ಕುರ್ಚಿ ಬರಲಿಲ್ಲ.

ಕುರ್ಚಿ ಹೆಂಗ ಹೋತು ಅಂತ ತಿಳೀಬೇಕಂದ್ರ ವಿಎಸ್‌ಎನ್‌ಎಲ್ ನೋಡಿ. ವಿದೇಶಿ ಕರೆಗಳ ಸರ್ಕಾರಿ ಕಂಪನಿ, ಹುಟ್ಟಿದ್ದು 1986ರಲ್ಲಿ. 2002ರ ಫೆಬ್ರವರಿಯಲ್ಲಿ ಅದರ ಶೇ. 25 ಷೇರು 1,439 ಕೋಟಿಗೆ ಟಾಟಾ ಗುಂಪಿಗೆ ಹೋಯ್ತು. ಸುಮಾರು ಶೇ. 53 ಇದ್ದ ಸರ್ಕಾರದ ಪಾಲು ಶೇ. 26ಕ್ಕೆ ಇಳೀತು. ಕಾನೂನಿನಲ್ಲಿ ಸರ್ಕಾರಿ ಕಂಪನಿ ಅಂದ್ರೆ ಕನಿಷ್ಠ ಶೇ. 51. ಆ ಗೆರೆ ದಾಟಿ ಕೆಳಗಿಳಿದ್ರೆ ಎಸ್‌ಸಿ, ಎಸ್‌ಟಿ ರೋಸ್ಟರ್ ಮುಂದುವರಿಸಬೇಕು ಅನ್ನೋ ಕಟ್ಟು ಉಳಿಯಲ್ಲ. 16(4)ನೇ ವಿಧಿಯನ್ನ ಯಾರೂ ತಿದ್ದಲಿಲ್ಲ, ಸಂಸತ್ತಿನಲ್ಲಿ ಮತ ಹಾಕಲಿಲ್ಲ. ಬರೇ ಷೇರು ಕೈ ಬದಲಾಯ್ತು.

ಬಿಎಸ್‌ಎನ್‌ಎಲ್ 2000ದ ಅಕ್ಟೋಬರ್ 1ರಂದು ಹುಟ್ಟಿ ಸರ್ಕಾರದ ಕೈಯಲ್ಲೇ ಉಳೀತು, ಮೀಸಲಾತಿಯೂ ಉಳೀತು. ಆದ್ರೆ 2020ರ ಜನವರಿ 31, ಒಂದೇ ದಿನ 78,000ಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿಯಲ್ಲಿ ಹೊರಗೆ ಹೋದ್ರು. ಮೀಸಲಾತಿ ಐತಿ, ಹುದ್ದೆನೇ ಇಲ್ಲ. ಈಗ ನಮ್ಮ ಕೇರಿಯ ಹುಡುಗರು ಗುತ್ತಿಗೆದಾರನ ಕೈಕೆಳಗೆ ಕೇಬಲ್ ಎಳೀತಾರೆ. 1987ಕ್ಕಿಂತ ಹಿಂದಿನ ಜಾಗಕ್ಕೇ ಬಂದು ನಿಂತೀವಿ.

ಇನ್ನೊಂದು ಕೇಳಿ. ವೊಡಾಫೋನ್ ಐಡಿಯಾ ಸರ್ಕಾರಕ್ಕೆ ಕೊಡಬೇಕಾದ ಬಾಕಿಯನ್ನ ಸರ್ಕಾರ ಷೇರಾಗಿ ಬದಲಿಸಿಕೊಂಡಿತು. 2023ರಲ್ಲಿ 16,133 ಕೋಟಿ, 2025ರಲ್ಲಿ 36,950 ಕೋಟಿ. ಸರ್ಕಾರದ ಪಾಲು ಸುಮಾರು ಶೇ. 49 ಆಯ್ತು. ಅತಿ ದೊಡ್ಡ ಷೇರುದಾರ ಸರ್ಕಾರವೇ, ಅಂದ್ರೆ ನೀವು ನಾವು. ಆದರೂ ಅದು ಸರ್ಕಾರಿ ಕಂಪನಿ ಅಲ್ಲ. 51ಕ್ಕೆ ಎರಡು ಕಮ್ಮಿ! ನಷ್ಟಕ್ಕೆ ನಮ್ಮ ಪಾಲು ಬೇಕು, ನೌಕರಿಗೆ ಬ್ಯಾಡ.

ಕಂಪನಿಗಳು ಒಂದಾಗುವಾಗ ಲೈಸೆನ್ಸ್, ತರಂಗಾಂತರ, ಟವರ್, ಸಾಲ, ಗಿರಾಕಿ ಎಲ್ಲಕ್ಕೂ ನಿಯಮ ಐತಿ. 2011ರಿಂದ ನಮ್ಮ ನಂಬರ್ ಕೂಡ ಕಂಪನಿಯಿಂದ ಕಂಪನಿಗೆ ಪೋರ್ಟ್ ಆಗುತ್ತೆ. ಪೋರ್ಟ್ ಆಗದೇ ಉಳಿದದ್ದು ಒಂದೇ, ಬಾಬಾಸಾಹೇಬರು ಕೊಟ್ಟ ಪ್ರಾತಿನಿಧ್ಯ.

ಹಂಗಾಗಿ ನಮ್ಮ ಬೇಡಿಕೆ ಸರಳ. ಸಾರ್ವಜನಿಕ ತರಂಗಾಂತರ ಬಳಸುವ, ಸಾರ್ವಜನಿಕ ಹಣ ಪಡೆಯುವ ಕಂಪನಿಯಲ್ಲಿ ಮೀಸಲಾತಿ ಬೇಕು, ಗುತ್ತಿಗೆ ಕೆಲಸದಲ್ಲೂ ಬೇಕು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಗೆಳೆಯರೇ, ಮುಂದಿನ ಸಲ ತಹಶೀಲ್ದಾರರಿಗೆ ಮನವಿ ಕೊಡುವಾಗ ಈ ಸಾಲನ್ನೂ ಸೇರಿಸಿ. ಮುಂದಿನ ಮರ್ಜರ್‌ಗಿಂತ ಮೊದಲು ಕೇಳೋಣ.

ಜೈ ಭೀಮ್. ಜೈ ಸಂವಿಧಾನ.