ಹಾರ್ಲಿಕ್ಸ್ ಬಾಟಲಿಯೂ ರಾಗಿ ಸರಿಯೂ

ನಮ್ಮ ಮನೆಯ ಅಡುಗೆಕೋಣೆಯಲ್ಲಿ ಈಗಲೂ ಒಂದು ಹಳೆಯ ಹಾರ್ಲಿಕ್ಸ್ ಗಾಜಿನ ಬಾಟಲಿಯಿದೆ. ಅದರೊಳಗೆ ಇರುವುದು ಸಾಸಿವೆ. ತಾತನಿಗೆ ಟೈಫಾಯ್ಡ್ ಆಗಿದ್ದಾಗ ನೋಡಲು ಬಂದ ನೆಂಟರು ಬ್ರೆಡ್ಡು, ಮೂಸಂಬಿ ಜೊತೆ ತಂದುಕೊಟ್ಟಿದ್ದಂತೆ. ಆ ಕಾಲಕ್ಕೆ ಹಾರ್ಲಿಕ್ಸ್ ಎಂದರೆ ಕಾಯಿಲೆ ಬಿದ್ದವರು ಕುಡಿಯುವಂಥದ್ದು. ಇವತ್ತು ನಮ್ಮೂರಿನ ಅಂಗಡಿಯಲ್ಲಿ ಶಾಂಪೂ ಪೊಟ್ಟಣಗಳ ಪಕ್ಕದಲ್ಲೇ ಇಂಥ ಪುಡಿಗಳ ಸಣ್ಣ ಪೊಟ್ಟಣಗಳು ಸರದಂತೆ ತೂಗುತ್ತವೆ. ಕೊಳ್ಳುವವರು ರೋಗಿಗಳಲ್ಲ, ಎಳೆ ಮಕ್ಕಳ ತಾಯಂದಿರು. "ಏನೂ ತಿನ್ನಲ್ಲ ಕಣಕ್ಕ, ಇದನ್ನಾದ್ರೂ ಕುಡೀಲಿ" ಎನ್ನುವುದು ಎಲ್ಲರ ಮಾತು.

ರೋಗಿಯ ಬಾಟಲಿ ಮಗುವಿನ ಲೋಟಕ್ಕೆ ಬಂದದ್ದು ಹೇಗೆ? ಇದಕ್ಕೆ ಸುಮಾರು 150 ವರ್ಷಗಳ ಕಥೆಯಿದೆ.

19ನೇ ಶತಮಾನದ ಯುರೋಪಿನಲ್ಲಿ ತಾಯಿಯ ಹಾಲು ಸಿಗದ ಕೂಸು ಬದುಕುವುದೇ ಕಷ್ಟವಿತ್ತು. ಜರ್ಮನಿಯ ರಸಾಯನ ವಿಜ್ಞಾನಿ ಯೂಸ್ಟಸ್ ಫಾನ್ ಲೀಬಿಗ್ 1865ರಲ್ಲಿ ಗೋಧಿ ಹಿಟ್ಟು, ಮಾಲ್ಟ್, ಹಸುವಿನ ಹಾಲು ಸೇರಿಸಿ ಕೂಸುಗಳಿಗೊಂದು ಗಂಜಿ ಮಾಡಿದ. ಎರಡು ವರ್ಷದ ನಂತರ ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ ಹಾಲು ಮತ್ತು ಹಿಟ್ಟಿನ ಪುಡಿಯನ್ನು ಮಾರಾಟಕ್ಕಿಟ್ಟ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಸಹೋದರರು 1873ರಲ್ಲಿ ಷಿಕಾಗೋದಲ್ಲಿ ಇದೇ ವ್ಯಾಪಾರಕ್ಕೆ ಇಳಿದರು. ಮಾಲ್ಟ್ ಬೆರೆತ ಹಾಲಿನ ಪುಡಿಗೆ 1883ರಲ್ಲಿ ಪೇಟೆಂಟ್ ಪಡೆದರು. ಬಿಸಿನೀರಿಗೆ ಕಲಸಿದರೆ ಸಾಕು, ಕೂಸುಗಳಿಗೂ ರೋಗಿಗಳಿಗೂ ಆಹಾರ ಸಿದ್ಧ.

ಮಾಲ್ಟ್ ಎಂದರೆ ಬೇರೇನೂ ಅಲ್ಲ. ಧಾನ್ಯವನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ್ದು. ಮೊಳಕೆಯೊಡೆಯುವಾಗ ಧಾನ್ಯದಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುತ್ತವೆ. ಹಾಗಾಗಿ ಗಂಜಿ ಗಟ್ಟಿಯಾಗದೆ ತೆಳ್ಳಗಿರುತ್ತದೆ, ತುಸು ಸಿಹಿಯೂ ಆಗುತ್ತದೆ. ಪುಟ್ಟ ಹೊಟ್ಟೆಯ ಮಗುವಿಗೆ ಅಷ್ಟೇ ಗಂಜಿಯಲ್ಲಿ ಹೆಚ್ಚು ಹಿಟ್ಟು ಕುಡಿಸಬಹುದು. ಹಾರ್ಲಿಕ್ ಸಹೋದರರು ಇದಕ್ಕೆ ಬಳಸಿದ್ದು ಬಾರ್ಲಿ. ಹಳೇ ಮೈಸೂರು ಸೀಮೆಯ ಅಜ್ಜಿಯರು ಬಳಸಿದ್ದು ರಾಗಿ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಮಾಡುವ ರಾಗಿ ಸರಿಯ ಹಿಂದಿರುವ ವಿಜ್ಞಾನವೂ ಇದೇ. ವ್ಯತ್ಯಾಸವಿದ್ದದ್ದು ಡಬ್ಬಿ ಮತ್ತು ಜಾಹೀರಾತಿನಲ್ಲಿ.

ಜಾಹೀರಾತಿನ ಕೆಲಸ ಬಹಳ ಹಿಂದೆಯೇ ಶುರುವಾಗಿತ್ತು. 1930ರ ದಶಕದ ಬ್ರಿಟನ್ನಿನಲ್ಲಿ ಹಾರ್ಲಿಕ್ಸ್ ಮಾರಲು 'ರಾತ್ರಿಯ ಉಪವಾಸ' ಎಂಬ ತೊಂದರೆಯನ್ನೇ ಹುಟ್ಟುಹಾಕಲಾಯಿತು. ನಿದ್ದೆಯಲ್ಲಿ ದೇಹ ಬಳಲುತ್ತದೆ, ಮಲಗುವ ಮೊದಲು ಒಂದು ಲೋಟ ಕುಡಿಯಿರಿ ಎಂಬುದು ಅದರ ಸಾರ. ಮೊದಲು ಒಂದು ಆತಂಕ, ಆಮೇಲೆ ಅದಕ್ಕೊಂದು ಲೋಟ. ಈ ದಾರಿ ಭಾರತದಲ್ಲೂ ಮುಂದುವರಿಯಿತು. ಬೋರ್ನ್‌ವಿಟಾ ಇಲ್ಲಿಗೆ ಬಂದದ್ದು 1948ರಲ್ಲಿ. 1960ರ ಹೊತ್ತಿಗೆ ಪಂಜಾಬಿನ ನಾಭಾದಲ್ಲಿ ಹಾರ್ಲಿಕ್ಸ್ ತಯಾರಾಗತೊಡಗಿತು. ಆಮೇಲೆ ಕಾಂಪ್ಲಾನ್ ಕೂಡ ಮನೆಮಾತಾಯಿತು. ಹಾಲೇ ಸಾಲದ ದೇಶದಲ್ಲಿ ಹಾಲಿನ ಪುಡಿಯಿರುವ ಡಬ್ಬಿಗೆ ಬೆಲೆ ಬರುವುದು ಸಹಜವಿತ್ತು. ಹಾಲಿನ ಅಭಾವ ನೀಗುತ್ತ ಬಂದ ಮೇಲೆ ಟಿವಿ ಜಾಹೀರಾತುಗಳ ಮಾತು ಎತ್ತರಕ್ಕೆ, ಚುರುಕುತನಕ್ಕೆ, ಪರೀಕ್ಷೆಯ ಅಂಕಗಳಿಗೆ ತಿರುಗಿತು. ಬರಬರುತ್ತ ಎಳೆಯ ಮಕ್ಕಳಿಗೇ ಎಂದು ಬೇರೆ ಡಬ್ಬಿಗಳೂ ಬಂದವು.

ಇದೇ ಹೊತ್ತಿನಲ್ಲಿ ನಮ್ಮ ಮೈಸೂರಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. 1950ರ ಅಕ್ಟೋಬರಿನಲ್ಲಿ ಚೆಲುವಾಂಬ ಅರಮನೆಯಲ್ಲಿ ಸಿಎಫ್‌ಟಿಆರ್‌ಐ ಆರಂಭವಾಯಿತು. ಮೊದಲ ನಿರ್ದೇಶಕರು ಡಾ. ವಿ. ಸುಬ್ರಹ್ಮಣ್ಯನ್. ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿಯಲ್ಲಿ ಪ್ರೋಟೀನ್ ಹೇರಳವಾಗಿದೆ, ಅದನ್ನು ಮಕ್ಕಳಿಗೆ ಯಾಕೆ ಉಣಿಸಬಾರದು ಎಂಬುದು ಅಲ್ಲಿ ಎದ್ದ ಪ್ರಶ್ನೆಗಳಲ್ಲೊಂದು. ತಿನ್ನಲು ಯೋಗ್ಯವಾಗುವಂತೆ ಶುದ್ಧವಾಗಿ ತಯಾರಿಸಿದ ಕಡಲೆಕಾಯಿ ಹಿಟ್ಟು 75 ಭಾಗ, ಕಡಲೆ ಹಿಟ್ಟು 25 ಭಾಗ, ಮೇಲೆ ಜೀವಸತ್ವ ಮತ್ತು ಸುಣ್ಣದಂಶ ಸೇರಿಸಿ 'ಮಲ್ಟಿಪರ್ಪಸ್ ಫುಡ್' ಮಾಡಿದರು. ಕಡಲೆಕಾಯಿ ಪ್ರೋಟೀನ್ ಬೆರೆಸಿ ಹಾಲನ್ನು ಹಿಗ್ಗಿಸುವ 'ಮಿಲ್ಟೋನ್' ಬಂತು. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವೂ ಅಲ್ಲಿ ರೂಪುಗೊಂಡಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್ ಯೋಜನೆ ಶುರುವಾದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಮುಂದೆ ಅಂಗನವಾಡಿಗಳಿಗೆ ಬಂದ ಪೌಷ್ಟಿಕ ಹಿಟ್ಟಿನ ಹಿಂದೆಯೂ ಮೈಸೂರಿನ ಈ ವಿಜ್ಞಾನವಿತ್ತು.

ಆದರೆ ಅಂಗನವಾಡಿಯ ಹಿಟ್ಟಿಗೆ ಟಿವಿಯಲ್ಲಿ ಹಾಡಿರಲಿಲ್ಲ, ಬಣ್ಣದ ಡಬ್ಬಿಯಿರಲಿಲ್ಲ. ಪುಕ್ಕಟೆ ಸಿಗುವುದು ಬಡವರದು, ದುಡ್ಡು ಕೊಟ್ಟು ತರುವುದು ಒಳ್ಳೆಯದು ಎಂಬ ಭಾವನೆ ನಮ್ಮೊಳಗೇ ಬೇರೂರಿತು.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಒಂದು, ಹಟ ಮಾಡುವ ಮಗು. ಹುಟ್ಟಿದ ಮಗುವಿನ ತೂಕ ಒಂದು ವರ್ಷದಲ್ಲಿ ಸುಮಾರು ಮೂರು ಪಟ್ಟಾಗುತ್ತದೆ. ಎರಡನೇ ವರ್ಷದಲ್ಲಿ ಏರುವುದು ಎರಡು ಎರಡೂವರೆ ಕೆ.ಜಿ. ಮಾತ್ರ. ಬೆಳವಣಿಗೆಯ ವೇಗ ತಗ್ಗಿದಾಗ ಹಸಿವೂ ತಗ್ಗುತ್ತದೆ. ಜೊತೆಗೆ 'ಬೇಡ' ಎನ್ನಲು ಕಲಿಯುವ ವಯಸ್ಸೂ ಅದೇ. ಊಟ ಬಿಟ್ಟ ಮಗುವಿಗೆ ಸಿಹಿ ಹಾಲು ಕುಡಿಸಿದರೆ ಹೊಟ್ಟೆ ತುಂಬಿ ಮುಂದಿನ ಊಟವೂ ಬೇಡವಾಗುತ್ತದೆ. ಇನ್ನೊಂದು, ನಿಜವಾಗಿ ಸಾಕಷ್ಟು ಊಟ ಸಿಗದ ಮಗು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಮೊದಲನೆಯ ಮಗುವಿಗೆ ಬೇಕಾದದ್ದು ತಾಳ್ಮೆ. ಎರಡನೆಯದಕ್ಕೆ ಬೇಕಾದದ್ದು ಬೇಳೆ, ಮೊಟ್ಟೆ, ಸೊಪ್ಪು, ಎಣ್ಣೆ. ಡಬ್ಬಿ ಇಬ್ಬರ ತಾಯಂದಿರಿಗೂ ಒಂದೇ ಉತ್ತರ ಹೇಳಿತು. ಎರಡನೆಯ ತಾಯಿ ಅದಕ್ಕೆ ಕೊಟ್ಟದ್ದು ಬೇಳೆ, ಮೊಟ್ಟೆಯ ದುಡ್ಡು.

ಕಾನೂನು ಸುಮ್ಮನಿರಲಿಲ್ಲ. 1992ರ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿ ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರದ ಜಾಹೀರಾತನ್ನು ನಿಷೇಧಿಸಿದವು. ಆದರೆ ಗೆರೆ ಎರಡು ವರ್ಷಕ್ಕೆ ನಿಂತಿತು. ಹಟದ ವಯಸ್ಸು ಜೋರಾಗುವುದೂ ಅಲ್ಲೇ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪುಡಿಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ನಮ್ಮ ಆಹಾರ ಕಾಯ್ದೆಯಲ್ಲಿ ಹೆಲ್ತ್ ಡ್ರಿಂಕ್ ಎಂಬ ಪದಕ್ಕೆ ವ್ಯಾಖ್ಯಾನವೇ ಇಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುವುದು ಆರಂಭವಾಗಿತ್ತು.

ರಾಗಿಯಲ್ಲಿ ಸುಣ್ಣದಂಶ ಚೆನ್ನಾಗಿದೆ, 100 ಗ್ರಾಂಗೆ ಸುಮಾರು 350 ಮಿ.ಗ್ರಾಂ. ಹಾಗೆಂದು ರಾಗಿಯೊಂದೇ ಮಗುವನ್ನು ಸಾಕುವುದಿಲ್ಲ. ಡಬ್ಬಿ ವಿಷವೂ ಅಲ್ಲ; ವೈದ್ಯರು ಹೇಳಿದ ಮಗುವಿಗೆ ಹೇಳಿದಷ್ಟು ಕೊಡಬೇಕಾದ ಆಹಾರಗಳೂ ಇವೆ. ಕೊಳ್ಳುವ ಮೊದಲು ಎರಡು ಕೆಲಸ ಮಾಡಬಹುದು. ತಾಯಿ ಕಾರ್ಡ್ ಹಿಡಿದು ಅಂಗನವಾಡಿಗೆ ಹೋಗಿ ಮಗುವಿನ ತೂಕ ನೋಡಿಸುವುದು. ಡಬ್ಬಿಯನ್ನು ತಿರುಗಿಸಿ 100 ಗ್ರಾಮಿನಲ್ಲಿ ಸಕ್ಕರೆ ಎಷ್ಟಿದೆ ಎಂದು ಓದುವುದು. ತೂಕ ಸರಿಯಾಗಿ ಏರುತ್ತಿದ್ದು ಮಗು ಆಡಿಕೊಂಡಿದ್ದರೆ ಅದಕ್ಕೆ ಕಾಯಿಲೆಯಿಲ್ಲ. ತೂಕ ನಿಂತಿದ್ದರೆ ಹೋಗಬೇಕಾದದ್ದು ಆಸ್ಪತ್ರೆಗೆ, ಅಂಗಡಿಗಲ್ಲ.

ನಮ್ಮ ಮನೆಯ ಬಾಟಲಿಯಲ್ಲಿ ಸಾಸಿವೆ ಇನ್ನೂ ಕೆಡದೆ ಉಳಿದಿದೆ. ಬಾಟಲಿ ಗಟ್ಟಿಮುಟ್ಟಾಗಿದೆ ಎಂದು ಅಜ್ಜಿ ಈಗಲೂ ಹೊಗಳುತ್ತಾಳೆ. ನಮ್ಮಪ್ಪನನ್ನು ಅವಳು ಬೆಳೆಸಿದ್ದು ಮಾತ್ರ ರಾಗಿ ಸರಿಯಲ್ಲಿ.