ತಾಳಕ್ಕೆ ಕುಣಿಯುವ ಬೆಳಕು

ಮಡಿಕೇರಿಯಿಂದ ಸಿದ್ದಾಪುರದ ದಾರಿ ಹಿಡಿದರೆ ಸಿಗುವ ಊರು ಚೆಟ್ಟಳ್ಳಿ. ಕಾಫಿ ಸಂಶೋಧನಾ ಉಪಕೇಂದ್ರದಿಂದಾಗಿ ಬೆಳೆಗಾರರಿಗೆ ಚಿರಪರಿಚಿತ. ಅಲ್ಲಿನ ನೆಂಟರ ಮನೆಯಲ್ಲಿ ಕಳೆದ ಮಳೆಗಾಲ ಕಂಡ ನೋಟವಿದು. ಕಾಲೇಜು ಓದುವ ಹುಡುಗ ಕಂಪ್ಯೂಟರ್‌ನಲ್ಲಿ ತಾಳದ ಆಟ ಆಡುತ್ತಿದ್ದ. ಹಾಡಿನ ತಾಳಕ್ಕೆ ಸರಿಯಾಗಿ ಗುಂಡಿ ಒತ್ತಿದರೆ ಅಂಕ, ತಪ್ಪಿದರೆ ಸೋಲು. ಗೋಡೆಯ ಮೇಲಿನ ದೀಪದ ಪಟ್ಟಿಯೂ ಅದೇ ತಾಳಕ್ಕೆ ಕೆಂಪು, ನೀಲಿ ಮಿಂಚುತ್ತಿತ್ತು. ಹುಡುಗ ತಪ್ಪಿದ ಕ್ಷಣ, ಕೋಣೆಯೆಲ್ಲ ಕತ್ತಲು! ದೀಪಗಳಿಗೆ ಬೆಸುಗೆ ಹಾಕಿ ಜೋಡಿಸಿದವನೂ ಅವನೇ. ನೋಡುತ್ತ ಕುಳಿತಿದ್ದ ಅಜ್ಜ, ‘ದಸರಾ ಮಂಟಪ ಮನೆಯೊಳಗೇ ಬಂತಲ್ಲ ಮಗಾ’ ಎಂದರು.

ಅಜ್ಜನ ಮಾತು ಬರೀ ತಮಾಷೆಯಲ್ಲ. ವಿಜಯದಶಮಿಯ ರಾತ್ರಿ ಮಡಿಕೇರಿಯ ಹತ್ತು ದೇವಾಲಯಗಳಿಂದ ಹೊರಡುವ ದಶಮಂಟಪಗಳ ಜೀವಾಳವೇ ಬೆಳಕು ಮತ್ತು ಸದ್ದಿನ ಹೊಂದಾಣಿಕೆ. ದೇವಿ ಶೂಲ ಎತ್ತಬೇಕು, ಅದೇ ಹೊತ್ತಿಗೆ ಸಂಗೀತ ಏರಬೇಕು, ದೀಪ ಮಿಂಚಬೇಕು. ಹಿಂದೆ ಹೆಗಲ ಮೇಲೆ ಸಾಗುತ್ತಿದ್ದ ಮಂಟಪಗಳು ಇಂದು ಟ್ರ್ಯಾಕ್ಟರ್ ಏರಿವೆ, ಬಹುಮಾನಕ್ಕೆ ಪೈಪೋಟಿ ನಡೆಸುತ್ತವೆ.

ನಾದವನ್ನು ಕಣ್ಣಿಗೆ ಕಾಣಿಸುವ ಹಂಬಲ ಹಳೆಯದು. ಫ್ರಾನ್ಸಿನ ಪಾದ್ರಿ ಲೂಯಿ ಬರ್ತ್ರಾಂ ಕಾಸ್ತೆಲ್ 1725ರಲ್ಲಿ ‘ಕಣ್ಣಿನ ವಾದ್ಯ’ವೊಂದರ ಕಲ್ಪನೆ ಮುಂದಿಟ್ಟ. ಕೀಲಿ ಒತ್ತಿದರೆ ಸ್ವರದ ಬದಲು ಬಣ್ಣ ಕಾಣಬೇಕೆಂಬುದು ಅವನ ಆಸೆ. ರಷ್ಯಾದ ಸಂಗೀತಗಾರ ಸ್ಕ್ರಿಯಾಬಿನ್ 1910ರಲ್ಲಿ ಮುಗಿಸಿದ ‘ಪ್ರೊಮಿಥಿಯಸ್’ ಕೃತಿಯಲ್ಲಿ ಬೆಳಕಿಗೂ ಒಂದು ಸಾಲು ಬರೆದ. ಆದರೆ 1911ರ ಮಾಸ್ಕೊ ಪ್ರದರ್ಶನ ಬಣ್ಣಗಳಿಲ್ಲದೆಯೇ ನಡೆಯಿತು. ಬಣ್ಣ ಕಂಡದ್ದು 1915ರಲ್ಲಿ, ನ್ಯೂಯಾರ್ಕ್‌ನಲ್ಲಿ. ನಮ್ಮಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ವಿದ್ಯುದ್ದೀಪಗಳಿಂದ ಝಗಮಗಿಸುವ ಮೈಸೂರು ಅರಮನೆಯೇ ಮುಂದೆ ದಸರೆಯ ಗುರುತಾಯಿತು.

ದೀಪ ಬೆಳಗಿಸುವುದು ಒಂದು, ಅದಕ್ಕೆ ತಾಳ ಕಲಿಸುವುದು ಇನ್ನೊಂದು. ಇದನ್ನು ಸುಲಭ ಮಾಡಿದ್ದು ಥೈರಿಸ್ಟರ್ ಎಂಬ ಪುಟ್ಟ ಬಿಡಿಭಾಗ. ಹಾಡನ್ನು ಮಂದ್ರ, ಮಧ್ಯ, ತಾರ ಎಂದು ಮೂರು ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೊಂದು ಬಣ್ಣದ ಬಲ್ಬು ಹೊತ್ತಿಸುವ ಸರ್ಕ್ಯೂಟ್ 1970ರ ದಶಕದ ಹವ್ಯಾಸಿಗಳಿಗೆ ಅಚ್ಚುಮೆಚ್ಚು. ಮದುವೆ ಮನೆಯ ಸೀರಿಯಲ್ ಸೆಟ್ಟಿನಂತೆ ಇದೂ 230 ವೋಲ್ಟ್ ವಿದ್ಯುತ್ತಿನ ಸಹವಾಸ. ಒದ್ದೆ ಕೈ ತಗುಲಿದರೆ ಪ್ರಾಣಕ್ಕೇ ಕುತ್ತು. ಹುಡುಗನ ಎಲ್‌ಇಡಿ ಪಟ್ಟಿಗೆ ಬೇಕಾದದ್ದು ಬರೀ 5 ವೋಲ್ಟ್. ಪಟ್ಟಿಯನ್ನು ನಡೆಸುವುದು 2014ರಲ್ಲಿ ಬಂದ ಇಎಸ್‌ಪಿ 8266 ಎಂಬ ಅಗ್ಗದ ವೈಫೈ ಚಿಪ್.

ಇನ್ನೊಂದು ವ್ಯತ್ಯಾಸವೂ ಇದೆ. ಹಳೆಯ ಸರ್ಕ್ಯೂಟ್ ಹಾಡನ್ನು ಕೇಳಿದ ಮೇಲಷ್ಟೇ ದೀಪ ಹೊತ್ತಿಸುತ್ತಿತ್ತು. ಆಟಕ್ಕಾದರೋ ಮುಂದಿನ ಪೆಟ್ಟು ಯಾವಾಗ ಎಂಬುದು ಮೊದಲೇ ಗೊತ್ತು. ಜಪಾನಿನಲ್ಲಿ 1998ರಲ್ಲಿ ಬಂದ ‘ಡಾನ್ಸ್ ಡಾನ್ಸ್ ರೆವಲ್ಯೂಷನ್’ ಆಗಲಿ, 2018ರ ‘ಬೀಟ್ ಸೇಬರ್’ ಆಗಲಿ, ಪ್ರತಿ ಹಾಡಿಗೂ ಪೆಟ್ಟುಗಳ ಪಟ್ಟಿ ಇಟ್ಟುಕೊಂಡಿರುತ್ತವೆ. ಹೀಗಾಗಿ ವೈಫೈಯಲ್ಲಿ ಆಗುವ ತಡವನ್ನು ಲೆಕ್ಕ ಹಾಕಿ, ದೀಪಕ್ಕೆ ತುಸು ಮುಂಚೆಯೇ ಸಂದೇಶ ಕಳುಹಿಸಬಹುದು. ಮಂಟಪದ ಎದುರು ನಿಂತವರಿಗೆ ಈ ಸೌಲಭ್ಯವಿಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುತ್ತದೆ. 100 ಮೀಟರ್ ದೂರದಲ್ಲಿ ನಿಂತರೆ ದೀಪ ಮಿಂಚಿದ ಸುಮಾರು 0.3 ಸೆಕೆಂಡಿನ ನಂತರವಷ್ಟೇ ಪೆಟ್ಟು ಕಿವಿಗೆ ಬೀಳುತ್ತದೆ!

ಕೊಡಗಿಗೆ ತಾಳದ ಆಟವೇನೂ ಹೊಸದಲ್ಲ. ಹುತ್ತರಿಯ ಬಳಿಕ ಮಂದ್‌ಗಳಲ್ಲಿ ನಡೆಯುವ ಕೋಲಾಟ ಮತ್ತೇನು? ಅಲ್ಲಿ ಕೋಲು ತಪ್ಪಿದರೆ ಅಂಕ ಹೋಗುವುದಿಲ್ಲ, ಇಡೀ ಸುತ್ತೇ ಕೆಡುತ್ತದೆ. ತಪ್ಪಿದವನಿಗೆ ಪಕ್ಕದವನೇ ಕಲಿಸುತ್ತಾನೆ. ಕೋಣೆಯಲ್ಲಿ ಒಬ್ಬನೇ ಆಡುವ ಹುಡುಗನಿಗೆ ಇಲ್ಲದಿರುವುದು ಈ ಪಕ್ಕದವನೇ.

ಇನ್ನೊಂದೆಡೆ, ಲಕ್ಷಗಟ್ಟಲೆ ಖರ್ಚಿನ ಮಂಟಪಗಳಿಗೆ ದೀಪದ ಬೋರ್ಡುಗಳು ಹೊರಗಿನಿಂದ ಬಾಡಿಗೆಗೆ ಬರುತ್ತವೆ. ಡಿಜೆ ಅಬ್ಬರಕ್ಕೆ ಆಕ್ಷೇಪಗಳೂ ಕೇಳಿಬಂದಿವೆ. ಬಾಡಿಗೆ ತಂದದ್ದು ಮರುದಿನ ಲಾರಿ ಏರಿ ಹೋಗುತ್ತದೆ. ಕೈಯಾರೆ ಕಲಿತದ್ದು ಊರಲ್ಲೇ ಉಳಿಯುತ್ತದೆ. ಕೋಣೆಯ ಹುಡುಗನಿಗೆ ಜೊತೆಗಾರರು ಬೇಕು, ಮಂಟಪಕ್ಕೆ ಕೈ ಪಳಗಿದವರು ಬೇಕು. ಇಬ್ಬರನ್ನೂ ಸೇರಿಸಬಾರದೇಕೆ?

ಅಂದು ಸಂಜೆ ಕರೆಂಟು ಹೋಯಿತು. ಮಳೆಗಾಲದ ಕೊಡಗಿನಲ್ಲಿ ಇದು ಮಾಮೂಲು. ಹುಡುಗ ಪಟ್ಟಿಯನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿದ. ಅಜ್ಜ ಮೇಜನ್ನು ದುಡಿಯಂತೆ ಬಾರಿಸತೊಡಗಿದರು. ಈ ಬಾರಿ ಗುಂಡಿ ಒತ್ತಿ ದೀಪ ಮಿಂಚಿಸುವ ಸರದಿ ಹುಡುಗನದು. ಮೊದಲ ಸುತ್ತಿನಲ್ಲೇ ತಪ್ಪಿದ. ‘ಇನ್ನೊಮ್ಮೆ ನೋಡುವಾ’ ಎಂದರು ಅಜ್ಜ.