ವಾರಕ್ಕೊಂದು ಪೆನ್ನಿ: ಶಿಷ್ಯತ್ವದ ಒಂದು ಶಿಸ್ತಿನ ಹುಟ್ಟು

ಮೆಥಡಿಸ್ಟರ ಶಿಷ್ಯತ್ವದ ಶಿಸ್ತು ಸಾಲದ ಲೆಕ್ಕದಿಂದ ಹುಟ್ಟಿತು. 1742ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಶ್ವಾಸಿಗಳು ತಮ್ಮ ಮಂದಿರದ ಸಾಲ ತೀರಿಸುವ ಬಗೆಯನ್ನು ಜಾನ್ ವೆಸ್ಲಿಯವರೊಡನೆ ಆಲೋಚಿಸಿದರು. ಪ್ರತಿ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಬೇಕು, ಸುಮಾರು 12 ಮಂದಿಗೊಬ್ಬ ನಾಯಕನು ಅದನ್ನು ಸಂಗ್ರಹಿಸಬೇಕು ಎಂದು ಗೊತ್ತಾಯಿತು. ಬಡವರಿಗೆ ಇದು ಅಸಾಧ್ಯವೆಂಬ ಆಕ್ಷೇಪಕ್ಕೆ, ಸಲಹೆಯಿತ್ತ ಕ್ಯಾಪ್ಟನ್ ಫಾಯ್ ಕಡುಬಡವರಾದ 11 ಮಂದಿಯನ್ನು ವಹಿಸಿಕೊಂಡು, ಅವರ ಕೊರತೆಯನ್ನು ತಾವೇ ತುಂಬುವುದಾಗಿ ಹೇಳಿದರು.

ಮನೆಮನೆಗೆ ಹೋದ ನಾಯಕರು ಒಬ್ಬನು ಹೆಂಡತಿಯೊಡನೆ ಜಗಳವಾಡುವುದನ್ನೂ ಇನ್ನೊಬ್ಬನು ಕುಡಿದಿರುವುದನ್ನೂ ಕಂಡು ವೆಸ್ಲಿಯವರಿಗೆ ತಿಳಿಸಿದರು. ತಾವು ಬಹುಕಾಲದಿಂದ ಹುಡುಕುತ್ತಿದ್ದ ಮಾರ್ಗವು ಇದೇ ಎಂದು ಅವರು ಗ್ರಹಿಸಿದರು. ಅಂದಿನಿಂದ ನಾಯಕರು ಪ್ರತಿಯೊಬ್ಬರ ಆತ್ಮದ ಸ್ಥಿತಿಯನ್ನೂ ವಾರವಾರ ವಿಚಾರಿಸತೊಡಗಿದರು. ಮುಂದೆ ಎಲ್ಲರೂ ಒಂದೆಡೆ ಸೇರುವ ಕ್ಲಾಸ್ ಕೂಟಗಳು ರೂಪುಗೊಂಡವು.

1743ರ ಸಾಮಾನ್ಯ ನಿಯಮಗಳ ಪ್ರಕಾರ ಸೇರ್ಪಡೆಗೆ ರಕ್ಷಣೆಯ ಹಂಬಲವೊಂದೇ ಸಾಕಾಗಿತ್ತು. ಆದರೆ ಮುಂದುವರಿಯುವವರು ಕೇಡನ್ನು ಬಿಟ್ಟು, ಒಳಿತನ್ನು ಮಾಡಿ, ಕೃಪಾಸಾಧನಗಳನ್ನು ಬಳಸುತ್ತಾ ಆ ಹಂಬಲವನ್ನು ಬದುಕಿನಲ್ಲಿ ತೋರಿಸಬೇಕಿತ್ತು. ಮಾನಸಾಂತರವು ಒಂದು ದಿನದಲ್ಲಿ ಆರಂಭವಾಗಬಹುದು. ಪವಿತ್ರೀಕರಣಕ್ಕೆ ಸಹವಿಶ್ವಾಸಿಗಳ ಎಡೆಬಿಡದ ಆರೈಕೆ ಬೇಕು.

ಚಂದಾ ಬಾಕಿಯುಳ್ಳವರ ಪಟ್ಟಿ ಇಂದಿಗೂ ಸಭೆಗಳಲ್ಲಿರುತ್ತದೆ. ಆ ಮನೆಗಳಲ್ಲಿ ಆತ್ಮದ ಕ್ಷೇಮವನ್ನು ಈ ವಾರ ಯಾರು ವಿಚಾರಿಸಿದರೆಂಬುದನ್ನು ಸಭಾಪಾಲಕರಾದ ನಾವು ಬಲ್ಲೆವೇ?